ಕೆಲಸ ನಮ್ಮದು, ಸಹಿ ಯಾರದು?

(ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಅಂದು ಮರೆತಿದ್ದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಟೆಕ್ಸಸ್‌ನಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ರೋಗಿಯನ್ನು ಪರೀಕ್ಷೆ ಮಾಡಿ, ಔಷಧವನ್ನೂ ಬರೆಯಲು ಹೆಚ್ಚಿಗೆ ಓದಿದ ನರ್ಸ್. ಹಾಗಂದರೆ ಏನು ಅಂತ ನಮ್ಮ ಅತ್ತೆಗೆ ಹೇಳಲು ಹನ್ನೊಂದು ವರ್ಷದಿಂದ ಒದ್ದಾಡುತ್ತಿದ್ದೇನೆ. ಅವರು ನೆಂಟರ ಹತ್ತಿರ, 'ನಮ್ಮ ಸೊಸೆ ನರ್ಸು, ಆದ್ರೆ ಡಾಕ್ಟರ್ ಥರ' ಎನ್ನುತ್ತಾರೆ. ಆ 'ಥರ' ಇದೆಯಲ್ಲ, ಅದನ್ನು ಬಿಡಿಸಿ ಹೇಳುವುದೇ ಇವತ್ತಿನ ನನ್ನ ಕೆಲಸ.

ಕೆಲವು ವರ್ಷಗಳ ಹಿಂದೆ ನಮ್ಮ ಕ್ಲಿನಿಕ್ಕಿಗೆ ಒಬ್ಬ ಹಿರಿಯರು ಬಂದಿದ್ದರು. ಮಗನ ಮನೆಗೆ ಆರು ತಿಂಗಳಿಗೆಂದು ಬಂದವರು. ಮಂಡ್ಯ ಕಡೆಯ ಮಾತು. ಕೆಮ್ಮು, ಜ್ವರ, ಸುಸ್ತು. ನಾನು ಸ್ಟೆತ್ ಇಟ್ಟು ಕೇಳಿದೆ, ಬೆನ್ನು ತಟ್ಟಿ ನೋಡಿದೆ, ಎಕ್ಸ್‌ರೇ ಮಾಡಿಸಿದೆ. ಬಲಗಡೆ ಕೆಳಗೆ ನ್ಯುಮೋನಿಯಾ. ಊರಿಂದ ತಂದಿದ್ದ ಮಾತ್ರೆ ಡಬ್ಬಿ ಬಿಚ್ಚಿಸಿ ಒಂದೊಂದನ್ನೇ ನೋಡಿದೆ. ಆಮೇಲೆ ಆಂಟಿಬಯೋಟಿಕ್ ಬರೆದೆ. ಇಷ್ಟಕ್ಕೆ ಇಪ್ಪತ್ತೈದು ನಿಮಿಷ. ಅವರು ಅಂಗಿ ಗುಂಡಿ ಹಾಕಿಕೊಳ್ಳುತ್ತಾ, 'ಎಲ್ಲಾ ಚೆಂದಾಗಿ ನೋಡ್ದೆ ಕಣವ್ವ. ಡಾಕ್ಟ್ರು ಯಾವಾಗ ಬತ್ತಾರೆ?' ಎಂದರು.

ನಗು ಬಂತು. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವರ ಪ್ರಶ್ನೆ ತಪ್ಪಲ್ಲ. ನಮ್ಮಲ್ಲಿ ನರ್ಸ್ ಅಂದರೆ ಬೇರೆಯವರು ಬರೆದದ್ದನ್ನು ಕೊಡುವವಳು. ಬರೆಯುವವರು ಆಮೇಲೆ ಬರುತ್ತಾರೆ.

ಈಗ ಇನ್ನೊಂದು ಸಂಗತಿ. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ, ಅಮೆರಿಕಕ್ಕೆ ಹೋಗುವ ಮೊದಲು, ಒಂದು ಖಾಸಗಿ ಆಸ್ಪತ್ರೆ ಸೇರಿದ್ದೆ. ಯಾವುದು ಅಂತ ಬೇಡ, ಎಲ್ಲಾ ಕಡೆಯೂ ಇದೇ ಕಥೆ. ಸರ್ಜಿಕಲ್ ವಾರ್ಡ್, ನೈಟ್ ಡ್ಯೂಟಿ. ಮೂವತ್ತೆರಡು ಬೆಡ್‌ಗೆ ನಾವು ಇಬ್ಬರು. ರಾತ್ರಿ ಎರಡೂವರೆ ಹೊತ್ತಿಗೆ, ಆಪರೇಷನ್ ಆಗಿ ಮೂರು ದಿನವಾಗಿದ್ದ ಒಬ್ಬ ಹೆಂಗಸಿಗೆ ಬಿಪಿ 80ಕ್ಕೆ ಇಳಿಯಿತು. ಮೈ ಸುಡುತ್ತಿತ್ತು, ನಾಡಿ ಓಡುತ್ತಿತ್ತು, ಮಾತು ಎತ್ತೆತ್ತಲೋ ಹೋಗುತ್ತಿತ್ತು. ಸೋಂಕು ರಕ್ತಕ್ಕೆ ಏರಿದೆ ಎಂದು ವಾರ್ಡಿನಲ್ಲಿ ನಾಲ್ಕು ವರ್ಷ ಕಳೆದ ಯಾವ ನರ್ಸಿಗಾದರೂ ಗೊತ್ತಾಗುತ್ತದೆ. ಡ್ಯೂಟಿ ಡಾಕ್ಟರ್ ಕ್ಯಾಷುಯಲ್ಟಿಯಲ್ಲಿ ಅಪಘಾತದ ಕೇಸಿನಲ್ಲಿ ಸಿಕ್ಕಿಕೊಂಡಿದ್ದರು. ಮೂರು ಸಲ ಫೋನ್ ಮಾಡಿದೆ. ನಾನು ಡ್ರಿಪ್ ಜೋರಾಗಿ ಬಿಟ್ಟೆ, ಆಕ್ಸಿಜನ್ ಹಾಕಿದೆ, ಕಲ್ಚರ್‌ಗೆ ರಕ್ತ ತೆಗೆದಿಟ್ಟೆ. ಅವರು ಬಂದಾಗ ಮೂರೂಕಾಲು. ಕೇಸ್ ಶೀಟ್ ತೆಗೆದರು. ನಾನು ಮಾಡಿದ್ದನ್ನೇ ಆರ್ಡರ್ ಅಂತ ಬರೆದರು. ಎರಡೂ ನಲವತ್ತರ ಟೈಮ್ ಹಾಕಿ ಸಹಿ ಮಾಡಿದರು.

ಅವರು ಒಳ್ಳೆಯ ಮನುಷ್ಯ. ನನ್ನನ್ನು ಕಾಪಾಡಲೆಂದೇ ಹಾಗೆ ಮಾಡಿದ್ದು. ಆ ಹೆಂಗಸೂ ಉಳಿದರು. ಉಳಿಯದೇ ಹೋಗಿದ್ದರೆ, 'ಯಾರನ್ನು ಕೇಳಿ ಡ್ರಿಪ್ ಬಿಟ್ಟೆ?' ಎಂಬ ಪ್ರಶ್ನೆ ನನ್ನ ತಲೆ ಮೇಲೆ ಬೀಳುತ್ತಿತ್ತು. ಕೇಸ್ ಶೀಟಿನ ಪ್ರಕಾರ ಆ ರಾತ್ರಿ ನಾನು ಯಾವ ನಿರ್ಧಾರವನ್ನೂ ಮಾಡಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿರುವ ಸಿಸ್ಟರ್‌ಗಳು ತಲೆ ಆಡಿಸುತ್ತಿದ್ದೀರಿ. ನಿಮಗೆ ಇದು ಹೊಸದಲ್ಲ, ಅಲ್ವಾ?

ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು ಇಂಥದೇ ಸಂದಿಯಲ್ಲಿ. 1965, ಅಮೆರಿಕದ ಕೊಲೊರಾಡೊ. ಲೊರೆಟ್ಟಾ ಫೋರ್ಡ್ ಅಂತ ಸಾರ್ವಜನಿಕ ಆರೋಗ್ಯದ ನರ್ಸ್. ಹೆನ್ರಿ ಸಿಲ್ವರ್ ಅಂತ ಮಕ್ಕಳ ವೈದ್ಯರು. ಡಾಕ್ಟರುಗಳು ಸ್ಪೆಷಾಲಿಟಿ ಓದಿ ಪಟ್ಟಣ ಸೇರುತ್ತಿದ್ದ ಕಾಲ. ಹಳ್ಳಿ ಕಡೆ ಮಕ್ಕಳನ್ನು ನೋಡುವವರೇ ಇಲ್ಲ. ಅದೇ ವರ್ಷ ವಯಸ್ಸಾದವರ ಚಿಕಿತ್ಸೆ ಖರ್ಚಿಗೆ ಮೆಡಿಕೇರ್, ಬಡವರ ಖರ್ಚಿಗೆ ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳೂ ಬಂದವು. ಅಲ್ಲಿಯವರೆಗೆ ದುಡ್ಡಿಲ್ಲದೆ ಮನೆಯಲ್ಲೇ ಇದ್ದ ರೋಗಿಗಳು ಬಾಗಿಲಿಗೆ ಬರುವಂತಾಯಿತು. ಫೋರ್ಡ್ ಅವರಂಥ ನರ್ಸುಗಳು ಮೊದಲಿಂದಲೂ ಊರೂರು ಸುತ್ತಿ ಮಕ್ಕಳ ತೂಕ ನೋಡಿ, ಲಸಿಕೆ ಹಾಕಿ, ತಾಯಂದಿರ ಜೊತೆ ಕೂತು ಮಾತಾಡುತ್ತಿದ್ದರು. ಹೇಗಿದ್ದರೂ ಮಾಡುತ್ತಿರುವ ಕೆಲಸಕ್ಕೆ ಸರಿಯಾದ ಓದು ಕೊಟ್ಟು, ನಿರ್ಧಾರವನ್ನೂ ಅವರಿಗೇ ಬಿಟ್ಟರೆ ಹೇಗೆ ಎಂದು ಇಬ್ಬರೂ ಯೋಚಿಸಿದರು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ತರಬೇತಿ ಶುರುವಾಯಿತು.

ಅದಕ್ಕೂ ಮೊದಲಿನ ಒಂದು ಚಿತ್ರ ನನಗೆ ತುಂಬಾ ಇಷ್ಟ. 1925ರಲ್ಲಿ ಮೇರಿ ಬ್ರೆಕಿನ್‌ರಿಡ್ಜ್ ಎಂಬಾಕೆ ಕೆಂಟಕಿಯ ಗುಡ್ಡಗಾಡಿನಲ್ಲಿ ಒಂದು ನರ್ಸಿಂಗ್ ಸೇವೆ ಕಟ್ಟಿದರು. ರಸ್ತೆ ಇಲ್ಲದ ಜಾಗ. ನರ್ಸುಗಳು ಕುದುರೆ ಹತ್ತಿ, ಹೊಳೆ ದಾಟಿ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ನಮ್ಮ ಮಲೆನಾಡಿನ ಹಳೇ ಸೂಲಗಿತ್ತಿಯರ ನೆನಪಾಗುತ್ತದೆ. ಅವರಿಗೆ ಕುದುರೆ ಇರಲಿಲ್ಲ, ಕಂಬಳಿ ಕೊಪ್ಪೆ ಹಾಕಿ ನಡೆದೇ ಹೋಗುತ್ತಿದ್ದರು, ಅಷ್ಟೇ.

ಫೋರ್ಡ್ ಅವರಿಗೆ ಡಾಕ್ಟರುಗಳಿಂದ ವಿರೋಧ ಬಂತು ಅಂದರೆ ನಿಮಗೆ ಆಶ್ಚರ್ಯ ಆಗಲಿಕ್ಕಿಲ್ಲ. ಆದರೆ ನರ್ಸಿಂಗ್ ಪ್ರೊಫೆಸರುಗಳಿಂದಲೂ ಬಂತು. 'ನರ್ಸುಗಳನ್ನು ಡಾಕ್ಟರ್ ಬಾಲ ಮಾಡುತ್ತಿದ್ದೀರಿ' ಎಂಬುದು ಆ ಸಿಟ್ಟಿನ ಸಾರ. ನಮ್ಮವರೇ ನಮ್ಮ ಕಾಲು ಎಳೆಯುವುದು ಎಲ್ಲಾ ದೇಶದಲ್ಲೂ ಇದೆ, ಸಮಾಧಾನ ಮಾಡಿಕೊಳ್ಳಿ. ಫೋರ್ಡ್ ಆಮೇಲೆ ರೋಚೆಸ್ಟರ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಮೊದಲ ಡೀನ್ ಆದರು. 2025ರ ಜನವರಿಯಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹೋಗುವ ಹೊತ್ತಿಗೆ ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರುಗಳ ಸಂಖ್ಯೆ 4 ಲಕ್ಷದ ಆಸುಪಾಸಿನಲ್ಲಿತ್ತು.

ಸರಿ, ಓದಿನ ವಿಷಯಕ್ಕೆ ಬರೋಣ. ನಿಮ್ಮ ಅಪ್ಪ ಅಮ್ಮ ಬಂದಿರುವುದೇ ಇದಕ್ಕೆ.

ಮೊದಲು ನೀವು ನರ್ಸ್ ಆಗಬೇಕು. ಇಲ್ಲಿಂದ ಹೋಗುವವರಿಗೆ 4 ವರ್ಷದ ಬಿ.ಎಸ್‌ಸಿ. ಇದ್ದರೆ ದಾರಿ ಸುಲಭ. ಸರ್ಟಿಫಿಕೇಟುಗಳನ್ನು ಅಲ್ಲಿನವರು ಪರಿಶೀಲಿಸುತ್ತಾರೆ. ಎನ್‌ಸಿಲೆಕ್ಸ್ ಎಂಬ ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಅಲ್ಲಿಗೆ ನೀವು ನೋಂದಾಯಿತ ನರ್ಸ್, ಅಷ್ಟೇ. ಕೆಲವು ವರ್ಷ ವಾರ್ಡಿನಲ್ಲೋ ಐಸಿಯುನಲ್ಲೋ ದುಡಿದು ಆಮೇಲೆ ಮಾಸ್ಟರ್ಸ್ ಅಥವಾ ನರ್ಸಿಂಗ್ ಪ್ರಾಕ್ಟೀಸ್ ಡಾಕ್ಟರೇಟ್ ಮಾಡುತ್ತೀರಿ. 2015ರ ಹೊತ್ತಿಗೆ ಎಲ್ಲರಿಗೂ ಡಾಕ್ಟರೇಟೇ ಆಗಬೇಕು ಎಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲೇ ಹೇಳಿತ್ತು. ಅದು ಆಗಲಿಲ್ಲ. ಇವತ್ತಿಗೂ ಮಾಸ್ಟರ್ಸ್ ಸಾಕು.

ಸೇರುವಾಗಲೇ ಯಾವ ರೋಗಿಗಳು ಎಂದು ಆರಿಸಿಕೊಳ್ಳಬೇಕು. ಕುಟುಂಬ, ಮಕ್ಕಳು, ನವಜಾತ ಶಿಶು, ದೊಡ್ಡವರು ಮತ್ತು ಮುದುಕರು, ಹೆಂಗಸರ ಆರೋಗ್ಯ, ಮಾನಸಿಕ ಆರೋಗ್ಯ, ಹೀಗೆ. ಮಕ್ಕಳ ನರ್ಸ್ ಪ್ರಾಕ್ಟೀಷನರ್ ನಾಳೆಯಿಂದ ಹೃದ್ರೋಗದ ಅಜ್ಜನನ್ನು ನೋಡುವ ಹಾಗಿಲ್ಲ. ನಾನು ಕುಟುಂಬ ಆರಿಸಿಕೊಂಡೆ.

ಅಲ್ಲಿ ಮೂರು ವಿಷಯ ಎಲ್ಲರ ಬೆವರು ಇಳಿಸುತ್ತವೆ. ರೋಗ ಮೈಯಲ್ಲಿ ಹೇಗೆ ಕೆಲಸ ಮಾಡುತ್ತದೆ, ಔಷಧ ಹೇಗೆ ಕೆಲಸ ಮಾಡುತ್ತದೆ, ರೋಗಿಯನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡುವುದು ಹೇಗೆ. ಇವನ್ನೆಲ್ಲ ಬಿ.ಎಸ್‌ಸಿ.ಯಲ್ಲೂ ಓದಿದ್ದೆ. ಆದರೆ ಆಗ ಓದಿದ್ದು ಬೇರೆಯವರು ಬರೆದ ಮಾತ್ರೆಯನ್ನು ಸರಿಯಾಗಿ ಕೊಡಲು. ಈಗ ಪ್ರಶ್ನೆಯೇ ತಿರುಗಿ ನಿಂತಿತ್ತು. ಉದಾಹರಣೆಗೆ ಮೆಟ್‌ಫಾರ್ಮಿನ್. ಊಟದ ಜೊತೆ ಕೊಡಬೇಕು, ಹೊಟ್ಟೆ ಕೆಡಬಹುದು ಎಂದು ನರ್ಸ್ ಆಗಿ ಗೊತ್ತಿತ್ತು. ಈಗ ಈ ರೋಗಿಯ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ಆ ಲೆಕ್ಕ 30ಕ್ಕಿಂತ ಕೆಳಗೆ ಇಳಿದರೆ ಈ ಮಾತ್ರೆ ನಿಲ್ಲಿಸಬೇಕು, ನಿಲ್ಲಿಸಿದರೆ ಬದಲಿಗೆ ಏನು, ಅದಕ್ಕೆ ಇವರ ಇನ್ಶೂರೆನ್ಸ್ ದುಡ್ಡು ಕೊಡುತ್ತದಾ, ಇಷ್ಟೂ ನನ್ನ ತಲೆನೋವು.

ಜೊತೆಗೆ ಪ್ರಾಯೋಗಿಕ ಗಂಟೆಗಳು. ಅನುಭವಿ ವೈದ್ಯರ ಅಥವಾ ನರ್ಸ್ ಪ್ರಾಕ್ಟೀಷನರ್ ಪಕ್ಕದಲ್ಲಿ ಕೂತು ರೋಗಿಗಳನ್ನು ನೋಡುವುದು. ನಾನು ಓದುವಾಗ ಕನಿಷ್ಠ 500 ಗಂಟೆ ಇತ್ತು. 2022ರಲ್ಲಿ ಬಂದ ಹೊಸ ಮಾನದಂಡ ಅದನ್ನು 750 ಮಾಡಿದೆ. ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಅದೇ ದೇಶದಲ್ಲಿ ಡಾಕ್ಟರ್ ಆಗಲು 4 ವರ್ಷ ಮೆಡಿಕಲ್ ಕಾಲೇಜು, ಆಮೇಲೆ ಕನಿಷ್ಠ 3 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವುದು. ಗಂಟೆ ಲೆಕ್ಕ ಹಾಕಿದರೆ ಹತ್ತು ಸಾವಿರ ದಾಟುತ್ತದೆ. ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಡಾಕ್ಟರ್ ಅಲ್ಲ. ನನ್ನ 500 ಗಂಟೆ ನಿಂತಿದ್ದು ಅದಕ್ಕೂ ಮೊದಲು ಮಾಡಿದ ಹತ್ತು ವರ್ಷದ ನರ್ಸಿಂಗ್ ಮೇಲೆ. ಈಗ ವಾರ್ಡಿನ ಅನುಭವವೇ ಇಲ್ಲದೆ, ಆನ್‌ಲೈನಿನಲ್ಲೇ ಹೆಚ್ಚು ಪಾಠ ಮುಗಿಸುವ ಕೋರ್ಸುಗಳು ಬಂದಿವೆ. ಕಲಿಸುವ ಗುರುವನ್ನು ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು ಎನ್ನುವ ಕಾಲೇಜುಗಳೂ ಇವೆ. ಫೀಸ್ ಮಾತ್ರ ಅವರಿಗೆ. ನನಗೆ ಇದು ಒಂಚೂರೂ ಸರಿ ಕಾಣುವುದಿಲ್ಲ. ಹೋಗುವವರು ನೋಡಿಕೊಂಡು ಸೇರಿ.

ಓದು ಮುಗಿದ ಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸ್. ನಾನು ಬರೆದ ಪರೀಕ್ಷೆಯ ಸರ್ಟಿಫಿಕೇಟ್ 5 ವರ್ಷ ನಡೆಯುತ್ತದೆ. ಅಷ್ಟರಲ್ಲಿ 1000 ಗಂಟೆ ರೋಗಿಗಳನ್ನು ನೋಡಿರಬೇಕು, 100 ಗಂಟೆ ಹೊಸದಾಗಿ ಓದಿರಬೇಕು. ಇಲ್ಲದಿದ್ದರೆ ಮತ್ತೆ ಪರೀಕ್ಷೆ.

ಇಲ್ಲಿಂದ ಮುಂದೆ ಸಹಿಯ ಕಥೆ.

ಟೆಕ್ಸಸ್‌ನ ಪಶ್ಚಿಮದ ತುದಿಯಲ್ಲಿ ಎಲ್ ಪಾಸೊ ಎಂಬ ಊರಿದೆ. ಅಲ್ಲಿಂದ ಒಂದು ಗಂಟೆಯೊಳಗೆ ಕಾರಿನಲ್ಲಿ ಲಾಸ್ ಕ್ರೂಸಸ್ ಸಿಗುತ್ತದೆ. ಅದು ನ್ಯೂ ಮೆಕ್ಸಿಕೊ ರಾಜ್ಯ. ಎರಡೂ ಊರಿನಲ್ಲಿ ನರ್ಸ್ ಪ್ರಾಕ್ಟೀಷನರುಗಳ ಓದು ಒಂದೇ, ಪರೀಕ್ಷೆ ಒಂದೇ. ಲಾಸ್ ಕ್ರೂಸಸ್‌ನಲ್ಲಿ ಆಕೆ ತಾನೇ ಕ್ಲಿನಿಕ್ ತೆರೆದು, ತಾನೇ ಔಷಧ ಬರೆಯಬಹುದು. ಯಾವ ಡಾಕ್ಟರ್ ಒಪ್ಪಿಗೆಯೂ ಬೇಡ. ಎಲ್ ಪಾಸೊದಲ್ಲಿ ಹಾಗಿಲ್ಲ. ಟೆಕ್ಸಸ್ ಕಾನೂನಿನ ಪ್ರಕಾರ ಒಬ್ಬ ಡಾಕ್ಟರ್ ಜೊತೆ ಬರಹದ ಒಪ್ಪಂದ ಇರಬೇಕು. ಅವರು ನನಗೆ ಬರೆಯುವ ಅಧಿಕಾರವನ್ನು ವಹಿಸಿಕೊಡುತ್ತಾರೆ. ಆಗಾಗ ನನ್ನ ಚಾರ್ಟುಗಳನ್ನು ತೆಗೆದು ನೋಡುತ್ತಾರೆ. ಸಾಮಾನ್ಯವಾಗಿ ಒಬ್ಬ ಡಾಕ್ಟರ್ ಹೀಗೆ ಏಳು ಜನರಿಗೆ ವಹಿಸಬಹುದು. ಅಂದರೆ ಹೆದ್ದಾರಿಯಲ್ಲಿ ಒಂದು ಬೋರ್ಡ್ ದಾಟಿದರೆ ನನ್ನ ಬುದ್ಧಿ ಜಾಸ್ತಿ ಆಗುತ್ತದೆ, ವಾಪಸ್ ಬಂದರೆ ಕಡಿಮೆ ಆಗುತ್ತದೆ! ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಈಗ ನ್ಯೂ ಮೆಕ್ಸಿಕೊ ದಾರಿಯಲ್ಲಿವೆ. ವೈದ್ಯರ ಸಂಘ ಇದನ್ನು ಬಲವಾಗಿ ವಿರೋಧಿಸುತ್ತಿದೆ.

ದುಡ್ಡಿನಲ್ಲೂ ಇದೇ ಆಟ. ಮೆಡಿಕೇರ್ ಯೋಜನೆಯಲ್ಲಿ ನನ್ನ ಹೆಸರಲ್ಲಿ ಬಿಲ್ ಹೋದರೆ ಡಾಕ್ಟರ್ ದರದ 85 ಶೇಕಡ ಸಿಗುತ್ತದೆ. ಕೆಲವು ಷರತ್ತು ಪೂರೈಸಿ ಅದೇ ಕೆಲಸವನ್ನು ಡಾಕ್ಟರ್ ಹೆಸರಲ್ಲಿ ಕಳಿಸಿದರೆ 100 ಶೇಕಡ. ರೋಗಿ ಅದೇ, ಇಪ್ಪತ್ತೈದು ನಿಮಿಷವೂ ಅದೇ. ಹಾಗಾಗಿ ಅಲ್ಲೂ ನರ್ಸ್ ಮಾಡಿದ ಕೆಲಸ ಎಷ್ಟೋ ಕಡೆ ದಾಖಲೆಯಲ್ಲಿ ಕಾಣುವುದೇ ಇಲ್ಲ. ಎರಡೂ ನಲವತ್ತರ ಟೈಮ್ ಹಾಕಿದ ಆ ಸಹಿ ನನಗೆ ಆಗಾಗ ನೆನಪಾಗುತ್ತದೆ.

ಆದರೆ ಸಹಿ ಕೈಗೆ ಬಂದ ಮೇಲೆ ಅದರ ಭಾರವೂ ತಿಳಿಯಿತು. ಮೊದಲ ವರ್ಷ ಒಬ್ಬ ವಯಸ್ಸಾದ ಹೆಂಗಸಿಗೆ ಮೂತ್ರದ ಸೋಂಕಿಗೆಂದು ಸಲ್ಫಾ ಗುಂಪಿನ ಆಂಟಿಬಯೋಟಿಕ್ ಬರೆದೆ. ಅವರು ಬಿಪಿಗೆ ಲಿಸಿನೊಪ್ರಿಲ್ ತೆಗೆದುಕೊಳ್ಳುತ್ತಿದ್ದರು, ಕಿಡ್ನಿಯೂ ಸ್ವಲ್ಪ ಸೋತಿತ್ತು. ಎರಡು ಔಷಧ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಬಹುದು, ಅದು ಹೃದಯಕ್ಕೆ ಅಪಾಯ. ಓದಿದ್ದೆ. ಆ ದಿನ ತಲೆಗೆ ಬರಲಿಲ್ಲ. ಅರ್ಧ ಗಂಟೆಯಲ್ಲಿ ಮೆಡಿಕಲ್ ಸ್ಟೋರಿನ ಫಾರ್ಮಸಿಸ್ಟ್ ಫೋನ್ ಮಾಡಿದ. 'ಇದನ್ನು ಬದಲಾಯಿಸ್ತೀರಾ?' ಎಂದು ಮೆಲ್ಲಗೆ ಕೇಳಿದ. ಬದಲಾಯಿಸಿದೆ. ಮಾತ್ರೆ ಆಕೆಯ ಬಾಯಿಗೆ ಹೋಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾರ್ಡಿನಲ್ಲಿದ್ದಾಗ ಎಷ್ಟೋ ಡಾಕ್ಟರುಗಳ ಇಂಥ ತಪ್ಪನ್ನು ನಾನು ಹಿಡಿದಿದ್ದೆ. ಹಿಡಿದು ಒಳಗೊಳಗೇ ಖುಷಿಪಟ್ಟಿದ್ದೂ ಉಂಟು. ಈಗ ಬರೆದವಳು ನಾನು.

'ನರ್ಸ್ ನೋಡಿದರೆ ರೋಗಿಗೆ ನಷ್ಟ ಇಲ್ವಾ?' ಎಂದು ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದರು. ಒಳ್ಳೆಯ ಪ್ರಶ್ನೆ. 2000ದಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲೇ ಒಂದು ಅಧ್ಯಯನ ಬಂತು. ನ್ಯೂಯಾರ್ಕ್‌ನಲ್ಲಿ 1316 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವರನ್ನು ನರ್ಸ್ ಪ್ರಾಕ್ಟೀಷನರ್ ಹತ್ತಿರ, ಕೆಲವರನ್ನು ಡಾಕ್ಟರ್ ಹತ್ತಿರ ಕಳಿಸಿದರು. ಆರು ತಿಂಗಳ ನಂತರ ನೋಡಿದರೆ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2018ರಲ್ಲಿ ಇಂಥ 18 ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ ಒಟ್ಟಿಗೆ ಇಟ್ಟು ನೋಡಿತು. ಪ್ರಾಥಮಿಕ ಚಿಕಿತ್ಸೆಯಲ್ಲಿ ನರ್ಸುಗಳ ಫಲಿತಾಂಶ ಡಾಕ್ಟರುಗಳಷ್ಟೇ ಇದೆ, ಕೆಲವು ಕಡೆ ಸ್ವಲ್ಪ ಮೇಲೂ ಇದೆ, ಆದರೆ ನರ್ಸುಗಳು ಒಬ್ಬ ರೋಗಿಗೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ ಎಂದಿತು. ನಮ್ಮ ಸಂಘದವರು ಈ ಎರಡನ್ನೇ ಹೇಳಿ ನಿಲ್ಲಿಸುತ್ತಾರೆ. ನಾನು ಮೂರನೆಯದನ್ನೂ ಹೇಳುತ್ತೇನೆ. ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗದ ಬಗ್ಗೆ 2022ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನ ಬಂತು. ಅಲ್ಲಿ ನರ್ಸ್ ಪ್ರಾಕ್ಟೀಷನರುಗಳು ಒಂಟಿಯಾಗಿ ನೋಡಿದ ರೋಗಿಗಳಿಗೆ ಖರ್ಚು, ಸಮಯ ಎರಡೂ ಜಾಸ್ತಿಯಾಗಿತ್ತು, ಫಲಿತಾಂಶವೂ ಹಿಂದಿತ್ತು.

ನನಗೆ ಇವು ಒಂದಕ್ಕೊಂದು ವಿರುದ್ಧ ಅನ್ನಿಸುವುದಿಲ್ಲ. ಶುಗರ್, ಬಿಪಿ, ಆಸ್ತಮಾ, ಲಸಿಕೆ, ತಾಯಿ ಮಗುವಿನ ತಪಾಸಣೆ, ಇಲ್ಲಿ ಬೇಕಾದ್ದು ಹೊತ್ತು ಮತ್ತು ಹಠ. ಶುಗರ್ ರೋಗಿಯ ಚಪ್ಪಲಿ ಬಿಚ್ಚಿಸಿ ಪಾದ ನೋಡುವುದು. ಮನೆಯಲ್ಲಿ ಅಡಿಗೆ ಯಾರು ಮಾಡುತ್ತಾರೆ ಎಂದು ಕೇಳುವುದು. ಮಾತ್ರೆ ಬಿಟ್ಟಿದ್ದು ದುಡ್ಡಿಲ್ಲದೆಯೋ, ಭಯಕ್ಕೋ ಎಂದು ತಿಳಿದುಕೊಳ್ಳುವುದು. ಅದು ನರ್ಸಿಗೆ ಮೊದಲಿಂದಲೂ ಬರುವ ವಿದ್ಯೆ. ತುರ್ತು ವಿಭಾಗದಲ್ಲಿ ಎದೆನೋವು ಎಂದು ಬಂದವನಲ್ಲಿ ಹತ್ತು ರೋಗ ಅಡಗಿರಬಹುದು. ಅಲ್ಲಿ ಹತ್ತು ಸಾವಿರ ಗಂಟೆಯ ಬೆಲೆ ಗೊತ್ತಾಗುತ್ತದೆ. ನನ್ನ ಕ್ಲಿನಿಕ್ಕಿಗೆ ಅಂಥವನು ಬಂದರೆ ಇಸಿಜಿ ತೆಗೆದು, ಆಸ್ಪಿರಿನ್ ಕೊಟ್ಟು, ಆಂಬುಲೆನ್ಸ್ ಕರೆಸುತ್ತೇನೆ. ಅದರಲ್ಲಿ ನನಗೆ ಅವಮಾನವೇನೂ ಇಲ್ಲ.

ಈಗ ನಮ್ಮೂರಿಗೆ ಬರೋಣ. ಭಾರತೀಯ ನರ್ಸಿಂಗ್ ಪರಿಷತ್ತು ಐಸಿಯು ರೋಗಿಗಳಿಗೆಂದು 2 ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ರೆಸಿಡೆನ್ಸಿ ತಂದಿದೆ. ಕ್ಲಾಸಿಗಿಂತ ಬೆಡ್ ಪಕ್ಕದ ಕಲಿಕೆಯೇ ಜಾಸ್ತಿ. ಕೋರ್ಸ್ ಚೆನ್ನಾಗಿದೆ. ಮುಗಿಸಿದವರಿಗೆ ಆ ಹೆಸರಿನ ಹುದ್ದೆ ಎಷ್ಟು ಆಸ್ಪತ್ರೆಯಲ್ಲಿದೆ ಎಂದು ಹುಡುಕಿದರೆ ಸುಸ್ತಾಗುತ್ತದೆ. ಹೆರಿಗೆಗೆ ಸಂಬಂಧಿಸಿ ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ತಂದಿತು. ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ತೊಂದರೆ ಇಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವುದು ಅದರ ಉದ್ದೇಶ. ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ನೆನಪಿದೆಯಾ? ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಲೈಸೆನ್ಸ್ ಕೊಡಬಹುದು ಎಂದಿತ್ತು. ದೇಶದ ತುಂಬ ಡಾಕ್ಟರುಗಳು ಬೀದಿಗಿಳಿದರು. ಅವರ ಭಯ ಪೂರ್ತಿ ಸುಳ್ಳಲ್ಲ. ಯಾರಿಗೆ, ಎಷ್ಟು ಓದಿಗೆ ಆ ಲೈಸೆನ್ಸ್ ಎಂಬುದು ಕಾಯ್ದೆಯಲ್ಲಿ ಬಿಡಿಸಿ ಹೇಳಿರಲಿಲ್ಲ. ಅರ್ಧ ಓದಿದವರ ಕೈಗೆ ಪೆನ್ನು ಕೊಟ್ಟರೆ ಕೆಡುವುದು ಬಡವರ ಮೈ.

ಹಳ್ಳಿಗಳಲ್ಲಿ ನೀವು ದಿನಾ ನೋಡುವವರು ಸಮುದಾಯ ಆರೋಗ್ಯ ಅಧಿಕಾರಿಗಳು. ಬಯಲುಸೀಮೆಯಲ್ಲಿ ಸುಮಾರು 5000 ಜನಕ್ಕೆ, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಉಪಕೇಂದ್ರ. ಅದೀಗ ಆಯುಷ್ಮಾನ್ ಆರೋಗ್ಯ ಮಂದಿರ. ಅಲ್ಲಿ ಕೂತಿರುವುದು ಹೆಚ್ಚಾಗಿ ನಮ್ಮ ನರ್ಸಿಂಗ್ ಹುಡುಗ ಹುಡುಗಿಯರು. ಯೋಜನೆ ಶುರುವಾದಾಗ ಅವರಿಗೆ 6 ತಿಂಗಳ ಸೇತುಬಂಧ ಕೋರ್ಸ್ ಇತ್ತು. ಈಗ ಅದನ್ನು ಬಿ.ಎಸ್‌ಸಿ. ಪಠ್ಯದೊಳಗೇ ಸೇರಿಸಿದ್ದಾರೆ. ಬಿಪಿ, ಶುಗರ್ ತಪಾಸಣೆ, ಬಾಯಿ ಮತ್ತು ಸ್ತನ ಕ್ಯಾನ್ಸರ್ ಗುರುತಿಸುವುದು, ಇ-ಸಂಜೀವಿನಿ ಎಂಬ ಸರ್ಕಾರಿ ಆನ್‌ಲೈನ್ ಸೇವೆಯಲ್ಲಿ ಡಾಕ್ಟರ್ ಜೊತೆ ರೋಗಿಯನ್ನು ಮಾತಾಡಿಸುವುದು, ಡಾಕ್ಟರ್ ಒಮ್ಮೆ ಶುರು ಮಾಡಿದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುವುದು, ಎಲ್ಲವೂ ಅವರದೇ. ಕೆಲಸ ನೋಡಿದರೆ ನರ್ಸ್ ಪ್ರಾಕ್ಟೀಷನರ್ ಹತ್ತಿರ ಬಂದಿದೆ. ಓದು ಬಂದಿಲ್ಲ. ಸಹಿಯೂ ಬಂದಿಲ್ಲ. ಎಷ್ಟೋ ಜನರ ನೌಕರಿ ಗುತ್ತಿಗೆ ಮೇಲೆ. ಹೊಣೆ ಮಾತ್ರ ಪೂರ್ತಿ ಅವರ ಹೆಗಲಿಗೆ. ನೈಟ್ ಡ್ಯೂಟಿಯ ನನ್ನ ಕಥೆ ಹಗಲು ಹೊತ್ತಿನಲ್ಲಿ ನಡೆಯುತ್ತಿದೆ, ಅಷ್ಟೇ ವ್ಯತ್ಯಾಸ.

1947ರ ಹಳೇ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ನನ್ನ ಆಸೆ ಇಷ್ಟೇ. ಮೊದಲು ಓದು ಗಟ್ಟಿ ಮಾಡಿ. ಆಮೇಲೆ ಹುದ್ದೆ ಸೃಷ್ಟಿಸಿ. ಆಮೇಲೆ ಔಷಧಗಳ ಒಂದು ಸಣ್ಣ ಪಟ್ಟಿ ಕೊಟ್ಟು, ಬರೆದವರ ಹೆಸರು ಅವರ ಚೀಟಿಯ ಕೆಳಗೇ ಬರುವಂತೆ ಮಾಡಿ. ತಪ್ಪಾದರೆ ಅವರನ್ನೇ ಕೇಳಿ.

ಕೊನೆಗೆ ಒಬ್ಬಳು ಅಂತಿಮ ವರ್ಷದ ಹುಡುಗಿ ಎದ್ದು, 'ಮೇಡಂ, ನೀವು ವಾಪಸ್ ಊರಿಗೆ ಬಂದ್ರೆ ಇಲ್ಲಿ ಏನಾಗಿರ್ತೀರಿ?' ಎಂದು ಕೇಳಿದಳು.

ಸ್ಟಾಫ್ ನರ್ಸ್ ಆಗಿರ್ತೀನಿ ಎಂದೆ. ಎಲ್ಲರೂ ನಕ್ಕರು. ತಮಾಷೆಗೆ ಹೇಳಿದ್ದಲ್ಲ. ಈ ಸಲ ಬಂದಾಗ ಅಮ್ಮನ ಬಿಪಿ ನಾನೇ ಮೂರು ದಿನ ನೋಡಿದೆ. ಮೂರು ದಿನವೂ 160ರ ಆಸುಪಾಸು. ಪಾದ ಊದಿದೆಯಾ ಎಂದು ಒತ್ತಿ ನೋಡಿದೆ, ಊದಿರಲಿಲ್ಲ. ರಕ್ತದ ರಿಪೋರ್ಟ್ ಸರಿಯಾಗಿತ್ತು. ಅಮ್ಲೊಡಿಪಿನ್ 5 ಇದ್ದದ್ದನ್ನು 10 ಮಾಡಬೇಕು ಎಂದು ಗೊತ್ತಿತ್ತು. ಆಮೇಲೆ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋಗಿ ಟೋಕನ್ ತಗೊಂಡೆ. ಹದಿನೇಳನೇ ನಂಬರ್. ಒಂದೂವರೆ ಗಂಟೆ ಕಾದ ಮೇಲೆ ಡಾಕ್ಟರ್ ಒಮ್ಮೆ ಬಿಪಿ ನೋಡಿದರು, ನಾನು ಬರೆದು ತಂದಿದ್ದ ಹಾಳೆಯ ಮೇಲೆ ಕಣ್ಣಾಡಿಸಿದರು, 5ನ್ನು 10 ಮಾಡಿ ಸಹಿ ಹಾಕಿದರು.